ಇತಿಹಾಸ, ಅಪರಾಧ, ಸಮಾಜ: ಯಾವ ಪುಸ್ತಕದಿಂದ ಶುರು ಮಾಡಲಿ?

ಪ್ರಶ್ನೆ: ನಾನು ಇಷ್ಟು ವರ್ಷ ಬರೀ ಕಾದಂಬರಿ ಓದಿದವಳು. ಈಚೆಗೆ ನಿಜವಾಗಿ ನಡೆದದ್ದನ್ನು ಓದಬೇಕು ಅನಿಸುತ್ತಿದೆ. ಇತಿಹಾಸ, ಅಪರಾಧ, ಸಮಾಜದ ಬಗ್ಗೆ ಕೆಲವು ಒಳ್ಳೆಯ ಪುಸ್ತಕ ಹೇಳಿ. ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ, ಬೇರೆ ಬೇರೆ ದೇಶದವಾದರೆ ಇನ್ನೂ ಒಳ್ಳೆಯದು. ಎರಡು ಅನುಮಾನ ಇವೆ. ಕಾದಂಬರಿಯ ಹಾಗೆ ಸರಾಗವಾಗಿ ಓದಿಸಿಕೊಂಡು ಹೋಗುವ ಪುಸ್ತಕದಲ್ಲಿ ನಿಜ ಎಷ್ಟು, ಲೇಖಕರು ಸೇರಿಸಿದ್ದು ಎಷ್ಟು ಅಂತ ತಿಳಿಯುವುದು ಹೇಗೆ? ಇನ್ನೊಂದು, ಯಾರದೋ ಮನೆಯಲ್ಲಿ ನಡೆದ ಕೊಲೆಯನ್ನು ನಾವು ಕುತೂಹಲಕ್ಕೆ ಓದುವುದು ಸರಿಯೇ?

ಉತ್ತರ: ಪುಸ್ತಕಗಳ ಹೆಸರಿಗೆ ಮೊದಲು ನಿಮಗೊಂದು ಪ್ರಶ್ನೆ ಕೊಡುತ್ತೇನೆ. ಯಾವ ಪುಟದಲ್ಲಿದ್ದರೂ ಅದನ್ನು ಕೇಳಿಕೊಳ್ಳಿ. ಈ ಮಾತು ಲೇಖಕರಿಗೆ ಹೇಗೆ ಗೊತ್ತಾಯಿತು? ಯಾರು ಹೇಳಿದರು, ಯಾವ ಕಾಗದದಲ್ಲಿತ್ತು, ಆ ಕಾಗದವನ್ನು ಯಾರು ಯಾಕೆ ಬರೆದರು? ನನಗೆ ತುಂಬಾ ಇಷ್ಟವಾದ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಇಂಥ ಒಂದು ಕಾಗದದ ಮೇಲೆ ನಿಂತಿವೆ. ಯಾರೋ ಬೇರೆ ಯಾವುದೋ ಕೆಲಸಕ್ಕೆ ಬರೆದಿಟ್ಟ ದಾಖಲೆ ಅದು. ನೋಡಿದರೆ ಏನೂ ಇಲ್ಲ ಅನಿಸುತ್ತದೆ. ಓದಲು ಬಲ್ಲವರ ಕೈಗೆ ಸಿಕ್ಕಿದಾಗ ಅದೇ ಸಾಕ್ಷಿಯಾಗುತ್ತದೆ.

ಅರ್ಜೆಂಟೀನಾದ ರೊಡಾಲ್ಫೊ ವಾಲ್ಶ್ ಬರೆದ 'ಆಪರೇಷನ್ ಮ್ಯಾಸಕರ್' ಅನ್ನು ನಾನು ಎಲ್ಲರಿಗೂ ಮೊದಲು ಹೇಳುತ್ತೇನೆ. ವಾಲ್ಶ್ ಪತ್ತೇದಾರಿ ಕಥೆ ಬರೆಯುತ್ತಿದ್ದವರು, ಚೆಸ್ ಆಡುತ್ತಿದ್ದವರು. ರಾಜಕೀಯದ ಗೊಡವೆ ಅವರಿಗೆ ಜಾಸ್ತಿ ಇರಲಿಲ್ಲ. 1956ರ ಜೂನ್ 9ರ ರಾತ್ರಿ ಅಲ್ಲಿನ ಮಿಲಿಟರಿ ಸರ್ಕಾರದ ವಿರುದ್ಧ ಒಂದು ದಂಗೆ ಎದ್ದು, ಬೆಳಗಾಗುವುದರೊಳಗೆ ಅಡಗಿಹೋಯಿತು. ಅದೇ ರಾತ್ರಿ ಬ್ಯೂನಸ್ ಐರಿಸ್ ಹತ್ತಿರದ ಒಂದು ಮನೆಗೆ ಪೊಲೀಸರು ನುಗ್ಗಿ ಹನ್ನೆರಡು ಜನರನ್ನು ಎಳೆದೊಯ್ದರು. ಕೆಲವರಿಗೆ ದಂಗೆಯ ಸುಳಿವಿತ್ತು. ಉಳಿದವರು ರೇಡಿಯೋದಲ್ಲಿ ಬಾಕ್ಸಿಂಗ್ ಪಂದ್ಯ ಕೇಳಲು ಬಂದವರು. ನಸುಕಿನಲ್ಲಿ ಅವರನ್ನೆಲ್ಲ ಕಸ ಸುರಿಯುವ ಬಯಲಿಗೆ ಕರೆದೊಯ್ದು ಗುಂಡು ಹೊಡೆದರು. ಐವರು ಸತ್ತರು. ಏಳು ಜನ ಕತ್ತಲಲ್ಲಿ ಹೇಗೋ ತಪ್ಪಿಸಿಕೊಂಡರು. ಆರು ತಿಂಗಳ ನಂತರ ಕಾಫಿ ಹೋಟೆಲೊಂದರಲ್ಲಿ ಕೂತಿದ್ದಾಗ, ಆ ರಾತ್ರಿ ಗುಂಡೇಟಿಗೆ ಗುರಿಯಾದವರಲ್ಲಿ ಒಬ್ಬ ಬದುಕಿದ್ದಾನೆ ಎಂಬ ಸುದ್ದಿ ವಾಲ್ಶ್ ಕಿವಿಗೆ ಬಿತ್ತು. ಅವರು ಹುಡುಕಿಕೊಂಡು ಹೋದರು. ಒಬ್ಬನಲ್ಲ, ಒಬ್ಬೊಬ್ಬರಾಗಿ ಹಲವರು ಸಿಕ್ಕಿದರು.

ಈಗ ಆ ಕಾಗದದ ವಿಷಯಕ್ಕೆ ಬರುತ್ತೇನೆ. ಮಾರ್ಷಲ್ ಲಾ, ಅಂದರೆ ಸೇನಾ ಕಾಯ್ದೆ ಜಾರಿಯಲ್ಲಿತ್ತು, ಅದರಡಿ ಗುಂಡು ಹಾರಿಸಿದ್ದು ಎನ್ನುವುದೇ ಸರ್ಕಾರದ ಸಮರ್ಥನೆ. ವಾಲ್ಶ್ ಸರ್ಕಾರಿ ರೇಡಿಯೋದ ಉದ್ಘೋಷಕರ ದಿನಚರಿ ಪುಸ್ತಕವನ್ನು ಪತ್ತೆ ಮಾಡಿದರು. ಯಾವ ಹೊತ್ತಿಗೆ ಯಾವ ಹಾಡು ಹೋಯಿತು, ಯಾವ ಪ್ರಕಟಣೆ ಓದಿದರು ಅಂತ ನಿಮಿಷ ಸಮೇತ ಬರೆದಿಡುವ ಪುಸ್ತಕ ಅದು. ಮಾರ್ಷಲ್ ಲಾ ಪ್ರಕಟಣೆ ಓದಿದ್ದು ಜೂನ್ 10ರಂದು, ಮಧ್ಯರಾತ್ರಿ ಕಳೆದು 32 ನಿಮಿಷಕ್ಕೆ. ಪೊಲೀಸರು ಆ ಜನರನ್ನು ಹಿಡಿದದ್ದು ಅದಕ್ಕೂ ಸುಮಾರು ಒಂದು ಗಂಟೆ ಮೊದಲು. ಅಂದರೆ ಕಾಯ್ದೆ ಹುಟ್ಟುವ ಮುಂಚೆಯೇ ಅವರು ಪೊಲೀಸರ ವಶದಲ್ಲಿದ್ದರು. ಇನ್ನೂ ಬಾರದ ಕಾಯ್ದೆಯನ್ನು ಅವರು ಮುರಿಯುವುದು ಹೇಗೆ? ಹಾಗಾಗಿ ಅದು ಶಿಕ್ಷೆಯಲ್ಲ, ಕೊಲೆ. ಈ ಒಂದು ಸಮಯದ ನಮೂದಿನಿಂದ ಇಡೀ ಸರ್ಕಾರದ ಮಾತು ಸುಳ್ಳಾಯಿತು. ನನಗೆ ಈ ಭಾಗ ಪ್ರತಿಸಲ ಓದಿದಾಗಲೂ ಮೈ ಜುಮ್ಮೆನ್ನುತ್ತದೆ.

ದೊಡ್ಡ ಪತ್ರಿಕೆಗಳು ಅದನ್ನು ಮುಟ್ಟಲಿಲ್ಲ. ಚಿಕ್ಕ ಪತ್ರಿಕೆಗಳಲ್ಲಿ ಬಂದು, 1957ರಲ್ಲಿ ಪುಸ್ತಕವಾಯಿತು. ಇಪ್ಪತ್ತು ವರ್ಷದ ನಂತರ ಇನ್ನೊಂದು ಮಿಲಿಟರಿ ಸರ್ಕಾರ ಬಂದಾಗ, ಅದು ಮಾಡುತ್ತಿದ್ದ ಕೊಲೆಗಳನ್ನು ಪಟ್ಟಿ ಮಾಡಿ ವಾಲ್ಶ್ ಬಹಿರಂಗ ಪತ್ರ ಬರೆದರು. 1977ರ ಮಾರ್ಚ್ 25ರಂದು, ಪತ್ರವನ್ನು ಅಂಚೆಗೆ ಹಾಕಿದ ಸ್ವಲ್ಪ ಹೊತ್ತಿಗೇ, ಸೈನಿಕರ ತಂಡವೊಂದು ಅವರ ಮೇಲೆ ದಾಳಿ ಮಾಡಿತು. ಅವರ ದೇಹ ಮನೆಯವರಿಗೆ ಸಿಗಲಿಲ್ಲ.

ಇದರ ಪಕ್ಕದಲ್ಲಿ ಟ್ರೂಮನ್ ಕಪೋಟಿಯ 'ಇನ್ ಕೋಲ್ಡ್ ಬ್ಲಡ್' ಇಟ್ಟು ನೋಡಿ. ನಿಮ್ಮ ಮೊದಲ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1959ರ ನವೆಂಬರಿನಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಒಂದು ರೈತ ಕುಟುಂಬದ ನಾಲ್ವರನ್ನು ಇಬ್ಬರು ಕೊಂದರು. ಮನೆಯಲ್ಲಿ ಹಣ ತುಂಬಿದ ತಿಜೋರಿ ಇದೆ ಅಂತ ಜೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಬಂದಿದ್ದರು. ತಿಜೋರಿ ಇರಲೇ ಇಲ್ಲ. ಸಿಕ್ಕಿದ್ದು 50 ಡಾಲರಿಗೂ ಕಡಿಮೆ. 1965ರಲ್ಲಿ ಇಬ್ಬರನ್ನೂ ಗಲ್ಲಿಗೇರಿಸಿದರು, ಮರುವರ್ಷ ಪುಸ್ತಕ ಬಂತು. ಬರವಣಿಗೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಪೋಟಿ ಸಂದರ್ಶನ ಮಾಡುವಾಗ ಟೇಪ್ ಇಡುತ್ತಿರಲಿಲ್ಲ, ಎದುರಿಗೆ ಕೂತು ಬರೆದುಕೊಳ್ಳುತ್ತಲೂ ಇರಲಿಲ್ಲ. ನೆನಪಿಟ್ಟುಕೊಂಡು ಆಮೇಲೆ ಬರೆಯುತ್ತಿದ್ದರು. ಪ್ರತಿ ಮಾತೂ ಸತ್ಯ ಎಂದು ಹೇಳಿಕೊಂಡಿದ್ದರು. ಪುಸ್ತಕದ ಕೊನೆಯಲ್ಲಿ, ತನಿಖಾಧಿಕಾರಿ ಸ್ಮಶಾನದಲ್ಲಿ ಸತ್ತ ಹುಡುಗಿಯ ಗೆಳತಿಯನ್ನು ಭೇಟಿಯಾಗುವ ದೃಶ್ಯ ಇದೆ. ಅದು ನಡೆದೇ ಇಲ್ಲ ಅಂತ ಆ ಅಧಿಕಾರಿಯೇ ನಂತರ ಹೇಳಿದರು. ಓದಿ, ಖಂಡಿತ ಓದಿ. ಆದರೆ ಯಾವ ಸಂಭಾಷಣೆ ತೀರಾ ಚೆನ್ನಾಗಿ ಕೂತಿದೆ ಅನಿಸುತ್ತದೋ ಅಲ್ಲಿ ನಿಲ್ಲಿ. ಸತ್ತವರ ಮನಸ್ಸಿನಲ್ಲಿ ಆಗ ಏನು ಓಡುತ್ತಿತ್ತು ಅಂತ ಬರೆದಿದ್ದರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ.

ಇಲ್ಲೊಂದು ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ಪುಸ್ತಕ ಕೊಳ್ಳುವ ಮೊದಲು ಕೊನೆಯ ಪುಟಗಳ ಟಿಪ್ಪಣಿ ತಿರುವಿ ನೋಡಿ. ಒಂದು ಸಂಭಾಷಣೆ ಆರಿಸಿಕೊಂಡು ಅದರ ಮೂಲ ಅಲ್ಲಿದೆಯಾ ನೋಡಿ. ಕೋರ್ಟಿನ ಹೇಳಿಕೆ, ಪತ್ರ, ಡೈರಿ, ಸಂದರ್ಶನ, ಏನೋ ಒಂದು ಇರಬೇಕು. ಊಹೆ ಮಾಡಿದ್ದರೆ ಊಹೆ ಅಂತ ಒಪ್ಪಿಕೊಂಡಿರಬೇಕು. ಟಿಪ್ಪಣಿಯೇ ಇಲ್ಲ ಅಂದರೆ ಪುಸ್ತಕ ಸುಳ್ಳು ಅಂತ ಅಲ್ಲ. ಆದರೆ ನಂಬಿ ಅಂತ ನಿಮ್ಮನ್ನು ಕೇಳುವ ಹಕ್ಕು ಅದಕ್ಕೆ ಸ್ವಲ್ಪ ಕಡಿಮೆ.

ಒಂದು ಅಪರಾಧದ ಕಥೆ ನೋಡನೋಡುತ್ತಾ ಒಂದು ಸಮಾಜದ ಕಥೆಯಾಗುವುದನ್ನು ಕಾಣಬೇಕಾದರೆ ಡೇವಿಡ್ ಗ್ರ್ಯಾನ್ ಅವರ 'ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್' ಓದಿ. 2017ರದು. ಅಮೆರಿಕದ ಮೂಲನಿವಾಸಿಗಳಾದ ಓಸೇಜ್ ಜನರನ್ನು ಓಕ್ಲಹೋಮಾದ ಕಲ್ಲುನೆಲಕ್ಕೆ ತಳ್ಳಲಾಗಿತ್ತು. ಆ ನೆಲದಡಿಯ ಖನಿಜದ ಹಕ್ಕನ್ನು ಅವರು ಜಾಣತನದಿಂದ ಒಟ್ಟಾಗಿ ತಮ್ಮಲ್ಲೇ ಉಳಿಸಿಕೊಂಡರು. ಅಲ್ಲಿ ಎಣ್ಣೆ ಸಿಕ್ಕಿತು. 1923ರ ಒಂದೇ ವರ್ಷ 3 ಕೋಟಿ ಡಾಲರಿಗೂ ಹೆಚ್ಚು ಹಣ ಬಂತು. ಅದರಲ್ಲಿ ಒಬ್ಬೊಬ್ಬರಿಗಿದ್ದ ಪಾಲನ್ನು ಮಾರುವಂತಿರಲಿಲ್ಲ, ಆದರೆ ವಾರಸುದಾರರಿಗೆ ಹೋಗುತ್ತಿತ್ತು. ಆಮೇಲೆ ಓಸೇಜ್ ಜನ ಒಬ್ಬೊಬ್ಬರಾಗಿ ಸಾಯತೊಡಗಿದರು. ಗುಂಡೇಟು, ವಿಷ, ಮನೆಗೆ ಇಟ್ಟ ಬಾಂಬು. ಮಾಲಿ ಬರ್ಕ್‌ಹಾರ್ಟ್ ಎಂಬಾಕೆಯ ತಾಯಿ, ಅಕ್ಕ ತಂಗಿಯರು ಹೀಗೆ ಹೋದರು. ಸಂಚಿನಲ್ಲಿ ಆಕೆಯ ಗಂಡನೇ ಇದ್ದ.

ಇಷ್ಟಾದರೂ ಇದು ಒಬ್ಬ ದುಷ್ಟ, ಅವನ ಕೂಟ, ಅವರನ್ನು ಹಿಡಿದ ಅಧಿಕಾರಿಗಳು ಎನ್ನುವ ಕಥೆಯಾಗಿ ಮುಗಿಯಬಹುದಿತ್ತು. ಪುಸ್ತಕದ ಮೂರನೇ ಭಾಗ ಅದನ್ನು ತಲೆಕೆಳಗು ಮಾಡುತ್ತದೆ. ಓಸೇಜ್ ಜನರಿಗೆ ಹಣ ನೋಡಿಕೊಳ್ಳುವ ಬುದ್ಧಿ ಇಲ್ಲ ಅಂತ ತೀರ್ಮಾನಿಸಿ, ಅವರ ಖರ್ಚುವೆಚ್ಚಕ್ಕೆ ಬಿಳಿಯರನ್ನು ಪಾಲಕರನ್ನಾಗಿ ಕೋರ್ಟು ನೇಮಿಸುತ್ತಿತ್ತು. ಪತ್ರಾಗಾರವೊಂದರಲ್ಲಿ ಗ್ರ್ಯಾನ್‌ಗೆ ಆ ಪಾಲಕರ ಪಟ್ಟಿಯ ಒಂದು ಸಣ್ಣ ಪುಸ್ತಕ ಸಿಗುತ್ತದೆ. ಪಾಲಕನ ಹೆಸರು, ಕೆಳಗೆ ಅವನ ಸುಪರ್ದಿಯಲ್ಲಿದ್ದ ಓಸೇಜ್ ಜನರ ಹೆಸರು. ಆ ಅವಧಿಯಲ್ಲೇ ತೀರಿಕೊಂಡವರ ಹೆಸರಿನ ಮುಂದೆ ಒಂದೇ ಪದ: ಸತ್ತರು. ಪುಟ ತಿರುಗಿಸಿದಂತೆ ಮತ್ತೆ ಮತ್ತೆ ಅದೇ ಪದ. ಸರ್ಕಾರದ ಲೆಕ್ಕದಲ್ಲಿ ಕೊಲೆಗಳು ಇಪ್ಪತ್ತನಾಲ್ಕು. ನಿಜವಾದ ಸಂಖ್ಯೆ ಅದಕ್ಕಿಂತ ಎಷ್ಟೋ ಜಾಸ್ತಿ ಎಂದು ಆ ಪುಸ್ತಕ ಸೂಚಿಸುತ್ತದೆ. ಅಂಗಡಿಯವರು, ವೈದ್ಯರು, ವಕೀಲರು, ಅಧಿಕಾರಿಗಳು ಎಲ್ಲರಿಗೂ ಅದರಲ್ಲಿ ಪಾಲಿತ್ತು. ಪಾಲಕರ ಪುಸ್ತಕ ಬರೆದ ಗುಮಾಸ್ತ ಮಾತ್ರ ಸುಮ್ನೆ ತನ್ನ ಪಟ್ಟಿ ಸರಿಯಾಗಿರಲಿ ಅಂತ ಆ ಪದ ಬರೆದದ್ದು.

ಇತಿಹಾಸದ ಕಡೆ ಬಂದರೆ, ಇಟಲಿಯ ಕಾರ್ಲೊ ಗಿಂಜ್‌ಬರ್ಗ್ ಅವರ 'ದ ಚೀಸ್ ಅಂಡ್ ದ ವರ್ಮ್ಸ್' ನನ್ನ ಮೆಚ್ಚಿನದು. 1976ರಲ್ಲಿ ಬಂದ ಚಿಕ್ಕ ಪುಸ್ತಕ. ಹದಿನಾರನೇ ಶತಮಾನದ ಒಬ್ಬ ಹಿಟ್ಟಿನ ಗಿರಣಿಯವನ ಬಗ್ಗೆ. ಹೆಸರು ಡೊಮೆನಿಕೊ ಸ್ಕಾಂಡೆಲ್ಲಾ, ಊರವರು ಕರೆಯುತ್ತಿದ್ದದ್ದು ಮೆನೋಕಿಯೋ. ಓದಲು ಬರೆಯಲು ಬರುತ್ತಿತ್ತು. ಕೈಗೆ ಸಿಕ್ಕ ಹತ್ತು-ಹನ್ನೆರಡು ಪುಸ್ತಕ ಓದಿ, ತನ್ನದೇ ಒಂದು ಜಗತ್ತು ಕಟ್ಟಿಕೊಂಡಿದ್ದ. ಮೊದಲು ಎಲ್ಲ ಕಲಸಿಹೋಗಿತ್ತು, ಹಾಲು ಗಟ್ಟಿಯಾಗಿ ಗಿಣ್ಣಾದ ಹಾಗೆ ಅದು ಹೆಪ್ಪುಗಟ್ಟಿತು, ಗಿಣ್ಣಿನಲ್ಲಿ ಹುಳ ಕಾಣಿಸುವಂತೆ ಅದರಲ್ಲಿ ದೇವದೂತರು ಹುಟ್ಟಿದರು, ದೇವರೂ ಅದರಿಂದಲೇ ಬಂದ ಅಂತ ಅವನ ವಾದ. ಇದನ್ನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ. ಚರ್ಚಿನ ವಿಚಾರಣಾ ಮಂಡಳಿ ಹಿಡಿಯಿತು. 1584ರಲ್ಲಿ ಶಿಕ್ಷೆಯಾಗಿ ಜೈಲಿಗೆ ಹೋದ, ಬಿಡುಗಡೆಯಾದ, ಬಾಯಿ ಕಟ್ಟಿಕೊಳ್ಳಲಾಗದೆ ಮತ್ತೆ ಸಿಕ್ಕಿಬಿದ್ದ. 1599ರಲ್ಲಿ ಅವನ ಮೇಲೆ ಎರಡನೇ ತೀರ್ಪು ಬಂತು. ಅವನನ್ನು ಕೊಂದರು.

ಅಂಥ ಬಡ ಗಿರಣಿಯವನ ಮಾತು ನಾನೂರು ವರ್ಷ ಉಳಿದದ್ದು ಹೇಗೆ ಅಲ್ವಾ? ಅವನನ್ನು ಕೊಂದ ಮಂಡಳಿಯೇ ಬರೆದಿಟ್ಟಿತು. ವಿಚಾರಣೆಯಲ್ಲಿ ಒಬ್ಬ ಬರಹಗಾರ ಕೂತು ಪ್ರತಿ ಪ್ರಶ್ನೆ, ಪ್ರತಿ ಉತ್ತರ ದಾಖಲಿಸುತ್ತಿದ್ದ. ಹಿಂಸೆ ಕೊಟ್ಟಾಗ ಕೂಗಿಕೊಂಡದ್ದನ್ನೂ ಬಿಡದೆ ಬರೆದ. ಈ ಪುಸ್ತಕ ಓದುವಾಗ ನಾವು ಯಾವಾಗಲೂ ವಿಚಾರಣೆ ಮಾಡುವವರ ಹೆಗಲ ಮೇಲಿಂದಲೇ ಮೆನೋಕಿಯೋನನ್ನು ನೋಡುತ್ತೇವೆ. ಗಿಂಜ್‌ಬರ್ಗ್ ಅದನ್ನು ಮುಚ್ಚಿಡುವುದಿಲ್ಲ. ಯಾವ ಮಾತು ಪುಸ್ತಕದಿಂದ ಬಂತು, ಯಾವುದನ್ನು ಅವನು ತಿರುಚಿ ಓದಿಕೊಂಡ, ಎಲ್ಲಿ ತಮಗೆ ಬರೀ ಊಹೆ ಇದೆ ಅಂತ ಒಂದೊಂದಾಗಿ ಬಿಡಿಸುತ್ತಾರೆ. ಕಾದಂಬರಿ ಓದಿ ಬಂದವರಿಗೆ ಮೊದಲ ಇಪ್ಪತ್ತು-ಮೂವತ್ತು ಪುಟ ಸ್ವಲ್ಪ ಗಡುಸು. ದಾಟಿಬಿಟ್ಟರೆ ಆ ಮುದುಕ ನಿಮ್ಮನ್ನು ಬಿಡುವುದಿಲ್ಲ.

ಒಂದೇ ದಾಖಲೆಯನ್ನು ಇಬ್ಬರು ಓದಿ ಎರಡು ಬೇರೆ ತೀರ್ಮಾನಕ್ಕೆ ಬಂದದ್ದೂ ಉಂಟು. ಇದನ್ನು ನೋಡದೆ ಇತಿಹಾಸದ ಓದು ಪೂರ್ತಿಯಾಗದು ಅಂತ ನನ್ನ ಅಭಿಪ್ರಾಯ. ಕ್ರಿಸ್ಟೋಫರ್ ಬ್ರೌನಿಂಗ್ ಅವರ 'ಆರ್ಡಿನರಿ ಮೆನ್' 1992ರಲ್ಲಿ ಬಂತು. ಜರ್ಮನಿಯ ಹ್ಯಾಂಬರ್ಗಿನ ಒಂದು ಮೀಸಲು ಪೊಲೀಸ್ ಪಡೆಯ ಕಥೆ. ಹೆಚ್ಚಿನವರು ಮಧ್ಯವಯಸ್ಸಿನವರು, ಹೆಂಡತಿ ಮಕ್ಕಳಿದ್ದವರು. 1942ರ ಜುಲೈ 13ರ ಬೆಳಗ್ಗೆ ಪೋಲೆಂಡಿನ ಯೂಜೆಫುಫ್ ಎಂಬ ಊರಿನ ಹೊರಗೆ ಇವರನ್ನು ನಿಲ್ಲಿಸಿ, ಅಲ್ಲಿನ ಯೆಹೂದಿ ಹೆಂಗಸರು, ಮಕ್ಕಳು, ಮುದುಕರನ್ನು ಗುಂಡಿಕ್ಕಬೇಕು ಅಂತ ಮೇಜರ್ ಹೇಳುತ್ತಾನೆ. ಹೇಳುವಾಗ ಅವನ ಕಣ್ಣಲ್ಲಿ ನೀರು. ಆಗದವರು ಹಿಂದೆ ಸರಿಯಬಹುದು ಎಂದೂ ಹೇಳುತ್ತಾನೆ. ಸುಮಾರು 500 ಜನರಲ್ಲಿ ಆ ಗಳಿಗೆಯಲ್ಲಿ ಸರಿದವರು ಹನ್ನೆರಡರ ಆಸುಪಾಸು. ಸಂಜೆಯೊಳಗೆ ಸುಮಾರು 1,500 ಜನ ಸತ್ತಿದ್ದರು.

ಯಾಕೆ ಒಪ್ಪಿಕೊಂಡರು? 1960ರ ದಶಕದಲ್ಲಿ ಇವರು ತನಿಖಾಧಿಕಾರಿಗಳಿಗೆ ಕೊಟ್ಟ ಹೇಳಿಕೆಗಳನ್ನು ಬ್ರೌನಿಂಗ್ ಓದಿದರು. ಜೊತೆಯವರ ಎದುರು ಹೇಡಿ ಅನಿಸಿಕೊಳ್ಳುವ ಭಯ, ಮೇಲಿನವರ ಮಾತಿಗೆ ತಲೆಬಾಗುವುದು, ಅಭ್ಯಾಸ, ಇವುಗಳಿಗೆ ಅವರು ಹೆಚ್ಚು ಒತ್ತು ಕೊಟ್ಟರು. ನಾಲ್ಕು ವರ್ಷದ ನಂತರ ಡೇನಿಯಲ್ ಗೋಲ್ಡ್‌ಹೇಗನ್ 'ಹಿಟ್ಲರ್ಸ್ ವಿಲಿಂಗ್ ಎಕ್ಸಿಕ್ಯೂಷನರ್ಸ್' ಬರೆದರು. ಅವರು ನೋಡಿದ್ದೂ ಅದೇ ಪಡೆಯ ಅದೇ ಹೇಳಿಕೆಗಳನ್ನು. ಇವರಿಗೆ ಯೆಹೂದಿಗಳ ಮೇಲೆ ಆಳವಾದ ದ್ವೇಷವಿತ್ತು, ಮನಸಾರೆ ಕೊಂದರು ಎಂದರು. ಕೇಸಿಗೆ ಹೆದರಿ ತಮ್ಮನ್ನು ಕಾಪಾಡಿಕೊಳ್ಳಲು ಇಪ್ಪತ್ತು ವರ್ಷದ ನಂತರ ಹೇಳಿದ ಮಾತನ್ನು ಹಾಗೆಯೇ ನಂಬುವುದು ಹೇಗೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಬ್ರೌನಿಂಗ್ ನಂತರದ ಆವೃತ್ತಿಯಲ್ಲಿ ಇದಕ್ಕೆ ಉದ್ದನೆಯ ಉತ್ತರ ಸೇರಿಸಿದ್ದಾರೆ. ನನಗೆ ಬ್ರೌನಿಂಗ್ ಹೆಚ್ಚು ಸರಿ ಅನಿಸುತ್ತಾರೆ, ಯಾಕೆಂದರೆ ಒಂದೇ ಕಾರಣದಿಂದ ಎಲ್ಲವನ್ನೂ ವಿವರಿಸಲು ಅವರು ಹೊರಡುವುದಿಲ್ಲ. ಆದರೆ ನೀವು ಇಬ್ಬರನ್ನೂ ಓದಿಯೇ ತೀರ್ಮಾನಿಸಿ. ಬ್ರೌನಿಂಗ್ ಓದುವಾಗ ಹೊಸ ಆವೃತ್ತಿಯನ್ನೇ ತೆಗೆದುಕೊಳ್ಳಿ.

ಕಾಗದದಲ್ಲಿ ಇರುವುದನ್ನಷ್ಟೇ ಅಲ್ಲ, ಇಲ್ಲದಿರುವುದನ್ನೂ ಓದಬಹುದು. ಆಡಮ್ ಹೋಕ್‌ಶೀಲ್ಡ್ ಅವರ 'ಕಿಂಗ್ ಲಿಯೋಪೋಲ್ಡ್ಸ್ ಘೋಸ್ಟ್' ಇದಕ್ಕೆ ಸಾಕ್ಷಿ. ಬೆಲ್ಜಿಯಮ್ಮಿನ ದೊರೆ ಕಾಂಗೋ ದೇಶವನ್ನು ತನ್ನ ಸ್ವಂತ ಆಸ್ತಿಯಂತೆ ಹಿಂಡಿದ ಕಥೆ. ಹಡಗು ಕಂಪನಿಯ ಗುಮಾಸ್ತ ಎಡ್ಮಂಡ್ ಮೊರೆಲ್ ಲೆಕ್ಕ ನೋಡುತ್ತಿದ್ದಾಗ ಒಂದು ಗಮನಿಸುತ್ತಾನೆ. ಕಾಂಗೋದಿಂದ ಬರುವ ಹಡಗಿನ ತುಂಬಾ ರಬ್ಬರು, ಆನೆದಂತ. ಅಲ್ಲಿಗೆ ಹೋಗುವ ಹಡಗಿನಲ್ಲಿ ಹೆಚ್ಚಾಗಿ ಬಂದೂಕು, ಮದ್ದುಗುಂಡು, ಸೈನಿಕರು. ಬದಲಿಗೆ ಕೊಡುವ ಸರಕು ಎಲ್ಲಿ? ಕೊಡುತ್ತಿಲ್ಲ ಅಂದರೆ ಅಲ್ಲಿ ಜನ ಬಿಟ್ಟಿ ದುಡಿಯುತ್ತಿದ್ದಾರೆ ಅಂತಲೇ ಅರ್ಥ. ಹಡಗುಕಟ್ಟೆ ಬಿಟ್ಟು ಕದಲದೆ ಅವನು ಇದನ್ನು ಕಂಡುಕೊಂಡ. ಕೆಲಸ ಬಿಟ್ಟು ಹೋರಾಟಕ್ಕೆ ಇಳಿದ. 1908ರಲ್ಲಿ ದೊರೆ ಕಾಂಗೋವನ್ನು ಬಿಟ್ಟುಕೊಡುವ ಮುಂಚೆ ತನ್ನ ಕಡತಗಳನ್ನು ದಿನಗಟ್ಟಲೆ ಸುಡಿಸಿದ ಎನ್ನುವುದೂ ಈ ಪುಸ್ತಕದಲ್ಲಿದೆ.

ಕಾಗದವೇ ಇಲ್ಲದವರ ಗತಿ ಏನು? ಅವರ ಮಾತನ್ನೇ ಕೇಳಬೇಕು. ಇಸಬೆಲ್ ವಿಲ್ಕರ್ಸನ್ 1,200ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ 'ದ ವಾರ್ಮ್ತ್ ಆಫ್ ಅದರ್ ಸನ್ಸ್' ಬರೆದರು. ಅಮೆರಿಕದ ದಕ್ಷಿಣದಿಂದ ಸುಮಾರು 60 ಲಕ್ಷ ಕಪ್ಪು ಜನ ಬೇರೆ ಕಡೆಗೆ ಗುಳೆ ಹೋದದ್ದನ್ನು ಮೂವರ ಬದುಕಿನಲ್ಲಿ ಹಿಡಿದಿದ್ದಾರೆ. ದಪ್ಪ ಪುಸ್ತಕ, ಆದರೆ ಕಾದಂಬರಿ ಪ್ರಿಯರಿಗೆ ಇಷ್ಟವಾಗದೆ ಇರದು. ಚೆರ್ನೋಬಿಲ್ ಅಣುಸ್ಥಾವರದ ದುರಂತದ ಬಗ್ಗೆ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಬರೆದದ್ದೂ ಜನರ ಮಾತಿನ ಪುಸ್ತಕವೇ. ಅಲ್ಲಿ ಆ ಮಾತುಗಳನ್ನು ಲೇಖಕಿ ಕತ್ತರಿಸಿ ಜೋಡಿಸಿದ್ದಾರೆ ಎನ್ನುವುದು ನೆನಪಿರಲಿ. ಮುಂಬೈ ವಿಮಾನ ನಿಲ್ದಾಣದ ಪಕ್ಕದ ಕೊಳೆಗೇರಿಯ ಬಗ್ಗೆ ಕ್ಯಾಥರೀನ್ ಬೂ ಬರೆದ 'ಬಿಹೈಂಡ್ ದ ಬ್ಯೂಟಿಫುಲ್ ಫಾರೆವರ್ಸ್' ಮಾತು, ಕಾಗದ ಎರಡನ್ನೂ ಸೇರಿಸುತ್ತದೆ. ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನವರ ಜೊತೆ ಓಡಾಡಿದರು, ಮಾಹಿತಿ ಹಕ್ಕಿನಡಿ ಸರ್ಕಾರಿ ದಾಖಲೆ ತೆಗೆಸಿ ಅವರು ಹೇಳಿದ್ದರ ಜೊತೆ ಹೋಲಿಸಿದರು.

ಮಾತು ಕೊಟ್ಟವರಿಗೆ ಅಪಾಯವೂ ಆಗಬಹುದು. ಪ್ಯಾಟ್ರಿಕ್ ರಾಡನ್ ಕೀಫ್ ಅವರ 'ಸೇ ನಥಿಂಗ್' ಓದಿದರೆ ಗೊತ್ತಾಗುತ್ತದೆ. 1972ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಹತ್ತು ಮಕ್ಕಳ ತಾಯಿಯೊಬ್ಬರನ್ನು ಐಆರ್‌ಎ, ಅಂದರೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ, ಅಪಹರಿಸಿ ಕೊಂದು ಹೂತಿತು. ಶವ ಸಿಕ್ಕಿದ್ದು 2003ರಲ್ಲಿ. ನೀವು ಬದುಕಿರುವವರೆಗೆ ಇದು ಹೊರಬರುವುದಿಲ್ಲ ಎಂಬ ಭರವಸೆಯ ಮೇಲೆ, ಹಳೆಯ ಉಗ್ರರು ಅಮೆರಿಕದ ಒಂದು ಕಾಲೇಜಿನ ಸಂಶೋಧನೆಗಾಗಿ ಟೇಪಿನಲ್ಲಿ ಎಲ್ಲ ಹೇಳಿದ್ದರು. ಪೊಲೀಸರು ಆ ಟೇಪುಗಳಿಗಾಗಿ ಕೋರ್ಟಿನ ಬಾಗಿಲು ತಟ್ಟಿದರು. ಭರವಸೆ ನಿಲ್ಲಲಿಲ್ಲ.

ಇನ್ನು ನಿಮ್ಮ ಎರಡನೇ ಅನುಮಾನ. ನನಗೂ ಅದು ಮುಖ್ಯ ಪ್ರಶ್ನೆ. ಕೊಲೆಗಾರನನ್ನು ನಾಯಕನನ್ನಾಗಿ ಮಾಡಿ, ಸತ್ತವರನ್ನು ಮೊದಲ ಅಧ್ಯಾಯದಲ್ಲೇ ಮರೆತುಬಿಡುವ ಪುಸ್ತಕಗಳು ಬೇಕಾದಷ್ಟಿವೆ. ಅವನ್ನು ನಾನು ಯಾರಿಗೂ ಹೇಳುವುದಿಲ್ಲ. ಹ್ಯಾಲಿ ರೂಬೆನ್‌ಹೋಲ್ಡ್ ಅವರ 'ದ ಫೈವ್' ಇದಕ್ಕೆ ನೇರ ಎದುರು ನಿಲ್ಲುತ್ತದೆ. 1888ರಲ್ಲಿ ಲಂಡನ್ನಿನಲ್ಲಿ ಜ್ಯಾಕ್ ದ ರಿಪ್ಪರ್ ಕೊಂದ ಐವರು ಹೆಂಗಸರ ಬದುಕು ಇದು. ಅವನ ಬಗ್ಗೆ ನೂರಾರು ಪುಸ್ತಕ ಬಂದಿವೆ. ಇಲ್ಲಿ ಅವನಿಲ್ಲ, ಕೊಲೆಯ ವರ್ಣನೆಯೂ ಇಲ್ಲವೆನ್ನುವಷ್ಟು ಕಡಿಮೆ. ಯಾರ ಮದುವೆ ಹೇಗೆ ಮುರಿಯಿತು, ಕುಡಿತ ಹೇಗೆ ಅಂಟಿತು, ರಾತ್ರಿ ಮಲಗಲು ಜಾಗ ಯಾಕೆ ಇರಲಿಲ್ಲ, ಇಷ್ಟೇ. ಐವರಲ್ಲಿ ಮೂವರು ವೇಶ್ಯೆಯರಾಗಿದ್ದರು ಅನ್ನಲು ಸಾಕ್ಷಿಯೇ ಇಲ್ಲ ಎನ್ನುವುದು ಅವರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ. ಪುಸ್ತಕದ ಕೊನೆಯಲ್ಲಿ ಆ ಹೆಂಗಸರ ಮೈಮೇಲೆ, ಜೇಬಿನಲ್ಲಿ ಸಿಕ್ಕಿದ ವಸ್ತುಗಳ ಪಟ್ಟಿ ಇದೆ. ಕ್ಯಾಥರೀನ್ ಎಡೋಸ್ ಬಳಿ ಟೀ ಪುಡಿಯ ಡಬ್ಬಿ, ಸಕ್ಕರೆ ಡಬ್ಬಿ, ಬಾಚಣಿಗೆ, ಸೋಪಿನ ತುಂಡುಗಳು, ಒಂದೇ ಒಂದು ಕೆಂಪು ಕೈಗವಸು. ಮನೆಯಿಲ್ಲದವಳು ಮನೆಯನ್ನೇ ಜೇಬಿನಲ್ಲಿ ಹೊತ್ತು ತಿರುಗುತ್ತಿದ್ದಳು. ಪೊಲೀಸರು ತಮ್ಮ ಕೆಲಸಕ್ಕೆ ಮಾಡಿದ ಪಟ್ಟಿಯಲ್ಲಿ ಅದು ಉಳಿದುಕೊಂಡಿತು. ಹೀಗೆ ಓದಿಸುವ ಪುಸ್ತಕವನ್ನು ಸಂಕೋಚವಿಲ್ಲದೆ ಓದಿ. ಓದಿ ಮುಗಿಸಿದ ಮೇಲೆ ಸತ್ತವರ ಹೆಸರು ನಿಮಗೆ ನೆನಪಿದೆಯಾ ಅಂತ ನೋಡಿಕೊಳ್ಳಿ. ಇಲ್ಲ ಅಂದರೆ ಆ ಲೇಖಕರ ಮುಂದಿನ ಪುಸ್ತಕ ಬೇಡ.

ಕ್ರಮ ಕೇಳಿದರೆ, ಗ್ರ್ಯಾನ್‌ನಿಂದ ಶುರು ಮಾಡಿ, ಅದು ಬೇಗ ಓಡುತ್ತದೆ. ನಂತರ ಕಪೋಟಿ ಮತ್ತು ವಾಲ್ಶ್ ಒಂದರ ಹಿಂದೆ ಒಂದು. ಆಮೇಲೆ 'ದ ಫೈವ್'. ಗಿಂಜ್‌ಬರ್ಗ್‌ನನ್ನು ಬಿಡುವಾದ ಕಾಲಕ್ಕೆ ಇಟ್ಟುಕೊಳ್ಳಿ. ಬ್ರೌನಿಂಗ್ ಪುಸ್ತಕವನ್ನು ರಾತ್ರಿ ಮಲಗುವ ಮುಂಚೆ ಓದಬೇಡಿ, ಹಗಲು ಹೊತ್ತು ಸ್ವಲ್ಪ ಸ್ವಲ್ಪವಾಗಿ ಓದಿ. ಮಧ್ಯೆ ಸುಸ್ತು ಅನಿಸಿದರೆ ನಿಮ್ಮ ಕಾದಂಬರಿಗೆ ವಾಪಸು ಹೋಗಿ ಬನ್ನಿ, ತಪ್ಪೇನಿಲ್ಲ.